ಟರ್ಬೊ ಕಾರಿಗೆ ಮೆಥನಾಲ್ ಕಿಟ್: ದ್ರವ ನಿಂತರೆ ಏನಾಗುತ್ತದೆ ಅನ್ನುವುದನ್ನು ಮೊದಲು ಯೋಚಿಸಿ

ಪ್ರಶ್ನೆ: ನನ್ನದು 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರು. ರೀಮ್ಯಾಪ್ ಮಾಡಿಸಿದ ಮೇಲೆ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಿದ ಮೇಲೆ) ಸುಮಾರು 250 ಎಚ್‌ಪಿ ಬರುತ್ತಿದೆ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) 1.3 ಬಾರ್. ಬಿಸಿಲಿನ ದಿನ ಎರಡು ಮೂರು ಸಲ ಜೋರಾಗಿ ಎಳೆದರೆ ಗಾಡಿ ಸೊರಗುತ್ತದೆ. ಎಂಜಿನ್ ತಾನೇ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದಕ್ಕೆ ಎಳೆದುಕೊಳ್ಳುತ್ತಿರುವುದು ಎಂಜಿನ್ ಕಂಪ್ಯೂಟರಿನ ದಾಖಲೆಯಾದ ಲಾಗ್‌ನಲ್ಲಿ ಕಾಣುತ್ತದೆ. ಎಂಜಿನ್‌ಗೆ ಹೋಗುವ ಗಾಳಿಗೆ ನೀರು-ಮೆಥನಾಲ್ ಚಿಮ್ಮಿಸಿ ತಂಪು ಮಾಡುವ ಮೆಥನಾಲ್ ಇಂಜೆಕ್ಷನ್ ಕಿಟ್ ತಂದಿಟ್ಟಿದ್ದೇನೆ. ನಾಜಲ್ ಎಲ್ಲಿ ಕೂರಿಸಲಿ? ಗಾಜು ತೊಳೆಯುವ ನೀರಿನ ಟ್ಯಾಂಕನ್ನೇ ಬಳಸಬಹುದಾ? ಮೆಥನಾಲ್ ಎಷ್ಟು ಬೆರೆಸಬೇಕು? ಎಂಜಿನ್‌ಗೆ ಅಪಾಯ ಇದೆಯಾ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಮಿಕ್ಕ ಮೂರಕ್ಕೂ ಉತ್ತರ ಅದರ ಮೇಲೇ ನಿಂತಿದೆ.

ಕಿಟ್ ಕೂರಿಸುವುದು ಕಷ್ಟದ ಕೆಲಸವಲ್ಲ. ಒಂದು ಟ್ಯಾಂಕು, ಒಂದು ಪಂಪು, ಒಂದು ನಾಜಲ್, ಒಂದು ಕಂಟ್ರೋಲರ್, ನಾಲ್ಕು ವೈರು. ಕೈ ಪಳಗಿದವರು ಒಂದು ದಿನದಲ್ಲಿ ಮುಗಿಸುತ್ತಾರೆ. ಅಪಾಯ ಇರುವುದು ಆಮೇಲೆ. ದ್ರವ ಬರುತ್ತದೆ ಅಂತ ನಂಬಿ ಟೈಮಿಂಗ್ ಮುಂದೆ ತಂದಿರಿ, ಬೂಸ್ಟ್ ಏರಿಸಿದಿರಿ ಅಂತಿಟ್ಟುಕೊಳ್ಳಿ. ಒಂದು ದಿನ ಪೂರ್ತಿ ಬೂಸ್ಟಿನಲ್ಲಿರುವಾಗ ದ್ರವ ಬರಲಿಲ್ಲ. ಟ್ಯಾಂಕ್ ಖಾಲಿಯಾಗಿರಬಹುದು, ಪಂಪಿನ ಫ್ಯೂಸ್ ಹೋಗಿರಬಹುದು, ನಾಜಲ್‌ನಲ್ಲಿ ಕಸ ಕೂತಿರಬಹುದು. ಆಗ ಆ ಎಂಜಿನ್ ತಡೆಯಲಾರದ ಟೈಮಿಂಗ್‌ನಲ್ಲಿ ಓಡುತ್ತಿರುತ್ತದೆ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿಯುವುದಕ್ಕೆ ಕೆಲವು ಸೆಕೆಂಡಿನ ಜೋರಾದ ನಾಕಿಂಗ್ (ಇಂಧನ ಸಿಲಿಂಡರ್ ಒಳಗೆ ತಾನಾಗಿ ಸಿಡಿಯುವುದು) ಸಾಕು. ಹಾಗಾಗಿ ದ್ರವ ನಿಂತರೂ ಎಂಜಿನ್ ಉಳಿಯುವ ಹಾಗೆ ಮೊದಲು ವ್ಯವಸ್ಥೆ ಮಾಡಬೇಕು. ಶಕ್ತಿಯ ಮಾತು ಆಮೇಲೆ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನಿಮ್ಮ ಕಾರಿನ ಲೆಕ್ಕದಲ್ಲೇ ನೋಡೋಣ. 250 ಎಚ್‌ಪಿ ಕೊಡುವ ಟರ್ಬೊ ಎಂಜಿನ್ ಪೂರ್ತಿ ಒತ್ತಿದಾಗ ನಿಮಿಷಕ್ಕೆ ಸುಮಾರು 1,400 ಮಿ.ಲೀ. ಪೆಟ್ರೋಲ್ ಕುಡಿಯುತ್ತದೆ, 12 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಗಾಳಿ ಎಳೆಯುತ್ತದೆ. ಈ ಗಾಳಿಗೆ ನಿಮಿಷಕ್ಕೆ 250 ಮಿ.ಲೀ. ನೀರು-ಮೆಥನಾಲ್ ಮಿಶ್ರಣ ಚಿಮ್ಮಿಸುತ್ತೀರಿ, ಎರಡೂ ಅರ್ಧರ್ಧ. ಒಂದು ಕೆ.ಜಿ. ನೀರು ಆವಿಯಾಗುವಾಗ ಸುಮಾರು 2,260 ಕಿಲೋಜೂಲ್ ಶಾಖ ಹೀರುತ್ತದೆ. ಮೆಥನಾಲ್ ಸುಮಾರು 1,100. ಪೆಟ್ರೋಲ್ ಬರೀ 350ರ ಆಸುಪಾಸು. ಕೂಡಿಸಿ ನೋಡಿದರೆ ಮಿಶ್ರಣ ಪೂರ್ತಿ ಆವಿಯಾದಾಗ ಗಾಳಿಯ ಬಿಸಿ 30 ಡಿಗ್ರಿಯಷ್ಟು ಇಳಿಯಬಹುದು. ನಿಜದಲ್ಲಿ ಪೈಪಿನೊಳಗೆ ಅಷ್ಟೂ ಆವಿಯಾಗುವುದಿಲ್ಲ. ಉಳಿದ ಹನಿಗಳು ಸಿಲಿಂಡರ್ ಒಳಗೆ ಹೋಗಿ ಆವಿಯಾಗುತ್ತವೆ, ಅದೂ ಲಾಭವೇ. ನಾಕಿಂಗ್ ಹುಟ್ಟುವುದು ಅಲ್ಲಿ ತಾನೇ? ಮೆಥನಾಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಕೂಡ ಜಾಸ್ತಿ. ತಣ್ಣನೆ ಗಾಳಿ, ನಿಧಾನವಾಗಿ ಏರುವ ಬಿಸಿ, ಹೆಚ್ಚಿದ ಆಕ್ಟೇನ್ ಮೂರೂ ಸೇರಿ ಎಂಜಿನ್ ತನ್ನ ಟೈಮಿಂಗ್ ಉಳಿಸಿಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಿಮಗೆ ಬೇಕಿರುವುದು ಬಿಸಿಲಿನಲ್ಲಿ ಗಾಡಿ ಸೊರಗಬಾರದು ಅನ್ನುವುದಷ್ಟೇ ಆದರೆ, ಮೊದಲು ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಂಪು ಮಾಡುವ ರೇಡಿಯೇಟರ್) ಹಾಕಿಸಿ. ಅದಕ್ಕೆ ಪಂಪಿಲ್ಲ, ವೈರಿಲ್ಲ, ತುಂಬಿಸುವ ಕೆಲಸವಿಲ್ಲ, ಕೈಕೊಡುವ ಭಾಗವೂ ಇಲ್ಲ. ಅದಾದ ಮೇಲೂ ಟೈಮಿಂಗ್ ಹಿಂದೆ ಹೋಗುತ್ತಿದ್ದರೆ ಕಿಟ್ ಹಾಕುವುದಕ್ಕೆ ಅರ್ಥವಿದೆ. ಇಂಟರ್‌ಕೂಲರ್ ಈಗಾಗಲೇ ಬದಲಾಯಿಸಿದ್ದರೆ ಅಥವಾ ಜಾಗವೇ ಇಲ್ಲದಿದ್ದರೆ ಮುಂದೆ ಓದಿ.

ಮಿಶ್ರಣ ಅರ್ಧರ್ಧ ಇರಲಿ, ಅದಕ್ಕಿಂತ ಜಾಸ್ತಿ ಮೆಥನಾಲ್ ಬೇಡ. ಈ ಅಳತೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಯುದ್ಧವಿಮಾನಗಳಲ್ಲಿ ಎಂಡಬ್ಲ್ಯು 50 ಅನ್ನುವ ವ್ಯವಸ್ಥೆ ಇತ್ತು. ಅದರಲ್ಲಿದ್ದದ್ದು ಹೆಚ್ಚುಕಡಿಮೆ ಅರ್ಧ ಮೆಥನಾಲ್, ಅರ್ಧ ನೀರು, ಜೊತೆಗೆ ಚೂರು ತುಕ್ಕು ತಡೆಯುವ ಎಣ್ಣೆ. ಬರೀ ಮೆಥನಾಲ್ ಹಾಕಿದರೆ ಇನ್ನೂ ಶಕ್ತಿ ಬರುತ್ತದೆ ಅಂತ ಹೇಳುವವರು ಸಿಗುತ್ತಾರೆ. ಆಗ ಅದು ತಂಪು ಮಾಡುವ ದ್ರವವಾಗಿ ಉಳಿಯುವುದಿಲ್ಲ, ಎರಡನೇ ಇಂಧನವಾಗುತ್ತದೆ. ಅದು ನಿಂತ ಕ್ಷಣ ಎಂಜಿನ್‌ಗೆ ನಾಕಿಂಗ್ ಜೊತೆಗೆ ಇಂಧನದ ಕೊರತೆಯೂ ಬೀಳುತ್ತದೆ. ತಂಪಿನ ದೃಷ್ಟಿಯಲ್ಲಿ ನೀರಿಗೇ ಮೇಲುಗೈ. 2016ರಲ್ಲಿ ಬಂದ ಬಿಎಂಡಬ್ಲ್ಯು ಎಂ4 ಜಿಟಿಎಸ್ ಬರೀ ನೀರನ್ನು ಚಿಮ್ಮಿಸಿಯೇ 3 ಲೀಟರಿನ ಎಂಜಿನ್‌ನಿಂದ 500 ಎಚ್‌ಪಿ ತೆಗೆಯುತ್ತದೆ. ಮೆಥನಾಲ್ ಬೆರೆಸಿದರೆ ಹನಿ ಬೇಗ ಆವಿಯಾಗುತ್ತದೆ, ಚಳಿಗೆ ಟ್ಯಾಂಕ್ ಗಟ್ಟಿಕಟ್ಟುವುದಿಲ್ಲ, ಚೂರು ಇಂಧನವೂ ಸಿಗುತ್ತದೆ.

ನೀರು ಡಿಸ್ಟಿಲ್ಡ್ ಆಗಿರಲಿ. ನಲ್ಲಿ ನೀರಿನ ಉಪ್ಪಿನಂಶ ನಾಜಲ್‌ನ ಕೂದಲೆಳೆಯಂಥ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಬಣ್ಣ, ಸೋಪು ಬೆರೆಸಿದ ವಾಷರ್ ದ್ರವವೂ ಬೇಡ. ಬೆರೆಸುವಾಗ ಎರಡನ್ನೂ ಬೇರೆ ಬೇರೆ ಅಳೆದು ಆಮೇಲೆ ಸೇರಿಸಿ. ಒಂದು ಲೀಟರ್ ನೀರಿಗೆ ಒಂದು ಲೀಟರ್ ಮೆಥನಾಲ್ ಸೇರಿಸಿದರೆ ಎರಡು ಲೀಟರಿಗಿಂತ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಕ್ಯಾನಿನ ಗೆರೆ ನೋಡಿಕೊಂಡು ಮೇಲಿನಿಂದ ಸುರಿಯುತ್ತಾ ಹೋದರೆ ಅಳತೆ ತಪ್ಪುತ್ತದೆ.

ಈ ದ್ರವವನ್ನು ಪೆಟ್ರೋಲಿನ ಹಾಗೆ ಸಲೀಸಾಗಿ ಮುಟ್ಟಬೇಡಿ. ಮೆಥನಾಲ್ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಕುಡಿದವರಿಗೆ ಮೊದಲ ಕೆಲವು ಗಂಟೆ ಏನೂ ಆಗಿಲ್ಲ ಅನ್ನಿಸಬಹುದು, ಅದೇ ದೊಡ್ಡ ಮೋಸ. ಅಂಥ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು, ಮೆಥನಾಲ್ ಅಂತ ಹೆಸರು ಹೇಳಬೇಕು. ಹಾಗಾಗಿ ನೀರಿನ ಬಾಟಲಿಯಲ್ಲಿ ಇದನ್ನು ತುಂಬಿಡಲೇಬೇಡಿ. ಕ್ಯಾನಿನ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ. ನೈಟ್ರೈಲ್ ಅಥವಾ ಬ್ಯೂಟೈಲ್ ಕೈಗವಸು, ಕನ್ನಡಕ ಹಾಕಿಕೊಂಡು ಗಾಳಿಯಾಡುವ ಕಡೆ ಬೆರೆಸಿ. ಕೈಗವಸಿನ ಮೇಲೆ ಚೆಲ್ಲಿದರೆ ಕೂಡಲೇ ಬದಲಾಯಿಸಿ. ಇನ್ನೊಂದು ವಿಷಯ, ಇದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನುವಷ್ಟು ಮಂಕು. ಸುಮಾರು 11-12 ಡಿಗ್ರಿಯಲ್ಲೇ ಇದರ ಆವಿ ಕಿಡಿಗೆ ಹತ್ತಿಕೊಳ್ಳುತ್ತದೆ. ಅರ್ಧ ನೀರು ಬೆರೆಸಿದರೆ ಆ ಮಟ್ಟ ಮೇಲಕ್ಕೆ ಹೋಗುತ್ತದೆ, ಆದರೆ ಬಿಸಿ ಎಂಜಿನ್ನಿನ ಪಕ್ಕ ಅದೂ ಹತ್ತಿಕೊಳ್ಳಬಲ್ಲದು.

ಈಗ ಟ್ಯಾಂಕಿನ ವಿಷಯ. ವಾಷರ್ ಟ್ಯಾಂಕ್ ಪ್ಲಾಸ್ಟಿಕ್ ಸಾಮಾನ್ಯವಾಗಿ ಈ ಮಿಶ್ರಣವನ್ನು ತಡೆಯುತ್ತದೆ. ಆದರೂ ಬೇಡ ಅನ್ನುತ್ತೇನೆ. ಗಾಜು ತೊಳೆಯಲು ಒತ್ತಿದಾಗ ಅದೇ ಮೆಥನಾಲ್ ಗಾಜಿನ ಮೇಲೆ ಬೀಳುತ್ತದೆ. ಕ್ಯಾಬಿನ್ನಿಗೆ ಗಾಳಿ ಎಳೆಯುವ ಜಾಲರಿ ಇರುವುದು ಗಾಜಿನ ಬುಡದಲ್ಲೇ, ಅಲ್ವಾ? ಆ ಆವಿ ನೇರ ನಿಮ್ಮ ಮೂಗಿಗೆ ಬರುತ್ತದೆ. ಜೊತೆಗೆ ಗ್ಯಾರೇಜ್‌ನಲ್ಲಿ ಯಾರೋ ಗೊತ್ತಿಲ್ಲದೆ ಅದಕ್ಕೆ ಸೋಪು ನೀರು ತುಂಬಿಬಿಟ್ಟರೆ ಮುಗೀತು. ಬೇರೆ ಟ್ಯಾಂಕ್ ಇಡಿ. ಡಿಕ್ಕಿಯಲ್ಲಿ ಇಡುವುದಾದರೆ ಮುಚ್ಚಳ ಬಿಗಿಯಾಗಿರಬೇಕು, ಉಸಿರಾಡುವ ಪೈಪನ್ನು ಕಾರಿನ ಹೊರಕ್ಕೆ ಬಿಡಬೇಕು. ಅಪಘಾತದಲ್ಲೂ ಕಿತ್ತುಬರದ ಹಾಗೆ ಬೋಲ್ಟ್ ಹಾಕಿ ಕಟ್ಟಬೇಕು. 4 ಲೀಟರಿನ ಟ್ಯಾಂಕ್ ನಿಮಿಷಕ್ಕೆ 250 ಮಿ.ಲೀ.ನಂತೆ ಪೂರ್ತಿ ಹರಿದರೆ 16 ನಿಮಿಷ ಬರುತ್ತದೆ. ಪೂರ್ತಿ ಬೂಸ್ಟಿನ 16 ನಿಮಿಷ ಅಂದರೆ ಮಾಮೂಲಿ ಓಡಾಟದಲ್ಲಿ ತುಂಬಾ ದಿನ.

ಪಂಪನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂರಿಸಿ. ಈ ಪಂಪುಗಳಿಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಫಿಲ್ಟರ್ ಹಾಕಿ. ಮೆಥನಾಲ್‌ಗೆ ಅಂತಲೇ ಮಾಡಿದ ಸೀಲುಗಳಿರುವ ಪಂಪ್ ಆಗಿರಬೇಕು, ಮಾಮೂಲಿ ನೀರಿನ ಪಂಪಿನ ರಬ್ಬರ್ ಊದಿಕೊಳ್ಳಬಹುದು. ಕರೆಂಟನ್ನು ರಿಲೇ ಮೂಲಕ, ಕಿಟ್ ಹೇಳಿದ ಫ್ಯೂಸ್ ಹಾಕಿ ಕೊಡಿ. ಇಗ್ನಿಷನ್ ಆಫ್ ಆದರೆ ಪಂಪ್ ಸಾಯಬೇಕು. ನೈಲಾನ್ ಪೈಪನ್ನು ಚೂಪಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಪೈಪ್ ಫಿಟ್ಟಿಂಗ್ ಒಳಗೆ ಸರಿಯಾಗಿ ಕೂರುವುದಿಲ್ಲ, 10 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ ಅಲ್ಲೇ ಸೋರುತ್ತದೆ. ಎಗ್ಸಾಸ್ಟ್ ಹತ್ತಿರ ಪೈಪ್ ಹೋಗಲೇಬಾರದು.

ನಾಜಲ್ ಇಂಟರ್‌ಕೂಲರ್ ಆದ ಮೇಲೆ, ಥ್ರಾಟಲ್ ಬಾಡಿಗಿಂತ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಮುಂಚೆ ಬರಬೇಕು. ಥ್ರಾಟಲ್‌ನಿಂದ ಕನಿಷ್ಠ 15 ಸೆಂ.ಮೀ. ದೂರ ಇದ್ದರೆ ಹನಿ ಗಾಳಿಯ ಜೊತೆ ಬೆರೆಯಲು ಸಮಯ ಸಿಗುತ್ತದೆ. ಇಂಟರ್‌ಕೂಲರ್‌ಗಿಂತ ಮುಂಚೆ ಹಾಕಿದರೆ ದ್ರವ ಅದರೊಳಗೇ ಮಡುಗಟ್ಟಿ, ಒಮ್ಮೆಗೇ ಎಂಜಿನ್‌ಗೆ ನುಗ್ಗಬಹುದು. ಏರ್‌ಫ್ಲೋ ಸೆನ್ಸರ್‌ಗಿಂತ ಮುಂಚೆ ಅಂತೂ ಬೇಡವೇ ಬೇಡ. ಈಗಿನ ಟರ್ಬೊ ಕಾರುಗಳಲ್ಲಿ ಬಹಳಷ್ಟಕ್ಕೆ ಒತ್ತಡ ಮತ್ತು ಬಿಸಿ ಎರಡನ್ನೂ ಅಳೆಯುವ ಸೆನ್ಸರ್ ಥ್ರಾಟಲ್ ಮುಂದಿನ ಪೈಪಿನಲ್ಲೇ ಇರುತ್ತದೆ. ನಾಜಲ್ ಆ ಸೆನ್ಸರ್ ಆದ ಮೇಲೆ ಬರಲಿ. ಸೆನ್ಸರ್ ಒದ್ದೆಯಾದರೆ ಅದು ಗಾಳಿಯ ಬಿಸಿಯ ಬದಲು ತನ್ನ ಮೇಲಿನ ಹನಿಯ ತಂಪನ್ನು ಹೇಳುತ್ತದೆ. ಗಾಳಿ ತಣ್ಣಗಿದೆ ಅಂದುಕೊಂಡು ಎಂಜಿನ್ ಟೈಮಿಂಗ್ ಜಾಸ್ತಿ ಕೊಡುತ್ತದೆ. ನಾಜಲ್ ಕೂರಿಸಿದ ಜಾಗ ತಪ್ಪಿ, ಲಾಗ್ ಮಾತ್ರ ಚಂದ ಕಾಣುವ ಕಾರುಗಳನ್ನು ನೋಡಿದ್ದೇನೆ.

ತೂತು ಕೊರೆಯುವಾಗ ಪೈಪನ್ನು ಕಾರಿನಿಂದ ಬಿಚ್ಚಿ ಹೊರಗೆ ತನ್ನಿ. ಇದರಲ್ಲಿ ರಾಜಿ ಬೇಡ. ಅಲ್ಯೂಮಿನಿಯಂ ಚೂರು ಒಂದು ಒಳಗೆ ಹೋದರೂ ಸಿಲಿಂಡರ್ ಗೋಡೆ ಗೀರಿಹೋಗುತ್ತದೆ. ಸಾಮಾನ್ಯವಾಗಿ ನಾಜಲ್ ಹೋಲ್ಡರ್ 1/8 ಎನ್‌ಪಿಟಿ ಥ್ರೆಡ್ಡಿನದು, ಅದಕ್ಕೆ ಸುಮಾರು 8.5 ಮಿ.ಮೀ. ತೂತು. ಈ ಥ್ರೆಡ್ ಒಳಗೆ ಹೋದಂತೆ ದಪ್ಪವಾಗುತ್ತದೆ, ಹಾಗಾಗಿ ಥ್ರೆಡ್ ಕೊರೆಯುವ ಟ್ಯಾಪನ್ನು ಪೂರ್ತಿ ಇಳಿಸಬೇಡಿ, ಆಗಾಗ ಹೋಲ್ಡರ್ ಹಾಕಿ ನೋಡುತ್ತಾ ಹೋಗಿ. ತೆಳು ಪೈಪಿಗೆ ಥ್ರೆಡ್ ಹಿಡಿಯುವುದಿಲ್ಲ, ಅಲ್ಲಿ ಬಂಗ್ (ಥ್ರೆಡ್ ಇರುವ ದಪ್ಪ ಲೋಹದ ಬಳೆ) ವೆಲ್ಡ್ ಮಾಡಿಸುವುದೇ ಸರಿ. ರಬ್ಬರ್ ಹೋಸ್‌ಗೆ ನೇರ ತೂತು ಹೊಡೆಯಬೇಡಿ. ಟೆಫ್ಲಾನ್ ಟೇಪ್ ಸುತ್ತುವಾಗ ತುದಿಯ ಎರಡು ಸುತ್ತು ಥ್ರೆಡ್ ಬಿಟ್ಟುಬಿಡಿ. ನಾಜಲ್ ಕಟ್ಟಿಕೊಂಡಿದೆ ಅಂತ ಬಿಚ್ಚಿ ನೋಡಿದಾಗ ಒಳಗೆ ಸಿಗುವುದು ಎಷ್ಟೋ ಸಲ ಈ ಟೇಪಿನ ಎಳೆಯೇ. ಪೈಪಿನ ತಳದಲ್ಲಿ ನಾಜಲ್ ಬೇಡ, ಇಂಟರ್‌ಕೂಲರ್‌ನಿಂದ ಜಾರಿ ಬರುವ ಎಣ್ಣೆ ಅಲ್ಲೇ ನಿಲ್ಲುತ್ತದೆ.

ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಕಿಟ್‌ನಲ್ಲಿ ಇಲ್ಲದಿದ್ದರೆ ಬೇರೆ ತಂದು ಹಾಕಿ, ನಾಜಲ್‌ಗೆ ಆದಷ್ಟು ಹತ್ತಿರ. ಟ್ಯಾಂಕ್ ನಾಜಲ್‌ಗಿಂತ ಎತ್ತರದಲ್ಲಿದ್ದರೆ ಪಂಪ್ ನಿಂತ ಮೇಲೂ ದ್ರವ ತಾನಾಗಿ ಇಳಿಯಬಹುದು, ಎಂಜಿನ್ನಿನ ಎಳೆತಕ್ಕೂ ಬರಬಹುದು. ರಾತ್ರಿಯೆಲ್ಲ ತೊಟ್ಟಿಕ್ಕಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ನಿಂತ ದ್ರವ, ಬೆಳಿಗ್ಗೆ ಕೀ ತಿರುಗಿಸಿದಾಗ ಸಿಲಿಂಡರ್‌ಗೆ ನುಗ್ಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ನಾಜಲ್ ಸೈಜಿನಲ್ಲಿ ಎಲ್ಲರೂ ದೊಡ್ಡದನ್ನೇ ಆರಿಸುತ್ತಾರೆ. ಪೆಟ್ರೋಲ್ ಹರಿವಿನ 10ರಿಂದ 20 ಶೇಕಡಾ ಸಾಕು. ನಿಮ್ಮ ಲೆಕ್ಕದಲ್ಲಿ 140ರಿಂದ 280 ಮಿ.ಲೀ. ಆದರೆ ನಾಜಲ್ ಮೇಲೆ ಬರೆದ ಅಂಕಿ ಯಾವ ಒತ್ತಡದ್ದು ಅಂತ ನೋಡಬೇಕು. 7 ಬಾರ್‌ಗೆ 225 ಮಿ.ಲೀ. ಅಂತ ಬರೆದ ನಾಜಲ್‌ಗೆ 14 ಬಾರ್ ಪಂಪ್ ಹಾಕಿದರೆ, ಎದುರು ತಳ್ಳುವ 1.3 ಬಾರ್ ಬೂಸ್ಟ್ ಕಳೆದ ಮೇಲೂ ಅದು ಸುಮಾರು 300 ಮಿ.ಲೀ. ಬಿಡುತ್ತದೆ. ನಿಮಗೆ 7 ಬಾರ್‌ಗೆ 150ರ ಆಸುಪಾಸಿನ ನಾಜಲ್ ಸಾಕು, ಅದು ಸುಮಾರು 200 ಕೊಡುತ್ತದೆ. ನಾನು ಮೇಲೆ ಲೆಕ್ಕಕ್ಕೆ ಹಿಡಿದ 250 ಮೇಲ್ಮಿತಿ ಅಂದುಕೊಳ್ಳಿ. ಅಲ್ಲಿಂದ ಶುರು ಮಾಡಬೇಕಾಗಿಲ್ಲ.

ಇಲ್ಲೇ ಇನ್ನೊಂದು ತೊಡಕಿದೆ. ಸಾದಾ ಕಂಟ್ರೋಲರ್ ಬೂಸ್ಟ್ ಮಾತ್ರ ನೋಡುತ್ತದೆ. 3,000 ಆರ್‌ಪಿಎಂನಲ್ಲೂ 6,000ದಲ್ಲೂ ಬೂಸ್ಟ್ 1.3 ಬಾರ್ ಇರಬಹುದು, ಆದರೆ 3,000ದಲ್ಲಿ ಎಂಜಿನ್ ಕುಡಿಯುವ ಗಾಳಿ ಹೆಚ್ಚುಕಡಿಮೆ ಅರ್ಧ. 6,000ದಲ್ಲಿ ಪೆಟ್ರೋಲ್ ಹರಿವಿನ 18 ಶೇಕಡಾ ಆಗುವ 250 ಮಿ.ಲೀ. 3,000ದಲ್ಲಿ 36 ಶೇಕಡಾ ಆಗಿಬಿಡುತ್ತದೆ. ಉರಿ ನಂದುತ್ತದೆ, ಗಾಡಿ ತಡವರಿಸುತ್ತದೆ. ಕಿಟ್ ಕೆಟ್ಟದ್ದು ಅಂತ ಬಿಚ್ಚಿ ಎಸೆದವರ ಸಮಸ್ಯೆ ಎಷ್ಟೋ ಸಲ ಇದೇ. 0.8 ಬಾರ್‌ನಲ್ಲಿ ಶುರುವಾಗಿ 1.2 ಬಾರ್‌ನಲ್ಲಿ ಪೂರ್ತಿಯಾಗುವ ಹಾಗೆ ಇಡಿ. ಆದರೂ ತಡವರಿಸಿದರೆ ನಾಜಲ್ ಚಿಕ್ಕದು ಮಾಡಿ. ಏರ್‌ಫ್ಲೋ ನೋಡಿ ಹರಿವು ಬದಲಾಯಿಸುವ ಕಂಟ್ರೋಲರ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಪಾರ್ಕ್ ಪ್ಲಗ್ ಗ್ಯಾಪ್ 0.8 ಮಿ.ಮೀ. ಇದ್ದರೆ 0.65ರ ಹತ್ತಿರ ತನ್ನಿ, ಒದ್ದೆ ಗಾಳಿಯಲ್ಲಿ ಕಿಡಿ ಆರಿಹೋಗುವುದಿಲ್ಲ.

ಈಗ ಕಾವಲಿನ ವಿಷಯ. ಕಿಟ್ ಜೊತೆ ಬರುವುದು ಸಾಮಾನ್ಯವಾಗಿ ಟ್ಯಾಂಕಿನ ಮಟ್ಟ ಹೇಳುವ ಸ್ವಿಚ್ಚು, ಒಂದು ಕೆಂಪು ದೀಪ. ಇದನ್ನೇ ನಂಬಿ ಕೂರಬೇಡಿ. ಟ್ಯಾಂಕ್ ತುಂಬಿದ್ದು ಪಂಪ್ ಸತ್ತರೆ ಆ ದೀಪ ಹತ್ತುವುದೇ ಇಲ್ಲ. ಪಂಪ್ ಆದ ಮೇಲೆ ಪ್ರೆಶರ್ ಸ್ವಿಚ್ ಹಾಕಿದರೆ ಪಂಪ್ ಸತ್ತದ್ದು, ಪೈಪ್ ಕಳಚಿದ್ದು ಗೊತ್ತಾಗುತ್ತದೆ. ಆದರೆ ನಾಜಲ್ ಕಟ್ಟಿಕೊಂಡರೆ ಒತ್ತಡ ಚೆನ್ನಾಗಿಯೇ ಇರುತ್ತದೆ, ಸ್ವಿಚ್ಚಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಇವೆಲ್ಲವನ್ನೂ ಹಿಡಿಯುವುದು ಫ್ಲೋ ಸೆನ್ಸರ್ ಒಂದೇ. ಅದಕ್ಕೆ ಕೆಳಗಿನ ಮಿತಿ, ಮೇಲಿನ ಮಿತಿ ಎರಡೂ ಕೊಡಿ. ಹರಿವು ಕಡಿಮೆಯಾದರೆ ಕಟ್ಟಿಕೊಂಡಿದೆ ಅಥವಾ ಖಾಲಿಯಾಗಿದೆ, ಜಾಸ್ತಿಯಾದರೆ ಪೈಪ್ ಎಲ್ಲೋ ಕಿತ್ತುಬಂದು ಬಿಸಿ ಎಂಜಿನ್ ಮೇಲೆ ಮೆಥನಾಲ್ ಸುರಿಯುತ್ತಿದೆ. ಎರಡರಲ್ಲೂ ಪಂಪ್ ನಿಲ್ಲಬೇಕು, ಬೂಸ್ಟ್ ಇಳಿಯಬೇಕು.

ಆ ಇಳಿಸುವ ಕೆಲಸವನ್ನು ನಿಮ್ಮ ಕಾಲಿಗೆ ಬಿಡಬೇಡಿ. ಪೂರ್ತಿ ಎಳೆತದಲ್ಲಿ ದೀಪ ನೋಡಿ ಕಾಲೆತ್ತುವಷ್ಟರಲ್ಲಿ ತಡವಾಗಿರುತ್ತದೆ. ವೇಸ್ಟ್‌ಗೇಟನ್ನು (ಟರ್ಬೊ ಬೂಸ್ಟಿಗೆ ಮಿತಿ ಹಾಕುವ ಬಾಗಿಲು) ಬೂಸ್ಟ್ ಸೊಲೆನಾಯ್ಡ್ ನಡೆಸುವ ಕಾರಾದರೆ, ಆ ಸೊಲೆನಾಯ್ಡ್‌ನ ಕರೆಂಟ್ ಕಡಿದರೆ ಬೂಸ್ಟ್ ವೇಸ್ಟ್‌ಗೇಟ್ ಸ್ಪ್ರಿಂಗಿನ ಮಟ್ಟಕ್ಕೆ ಬೀಳುತ್ತದೆ. ವೇಸ್ಟ್‌ಗೇಟ್ ಎಲೆಕ್ಟ್ರಾನಿಕ್ ಆಗಿದ್ದರೆ ವೈರ್ ಕಡಿಯಲು ಹೋಗಬೇಡಿ. ಫ್ಲೋ ಸೆನ್ಸರ್ ಸಿಗ್ನಲ್ ಸಿಕ್ಕ ಕೂಡಲೇ ಇಸಿಯು (ಎಂಜಿನ್ ಕಂಪ್ಯೂಟರ್) ಸೌಮ್ಯ ಮ್ಯಾಪ್‌ಗೆ, ಅಂದರೆ ಎಂಜಿನ್ ತಡೆಯುವ ಸೆಟ್ಟಿಂಗ್‌ಗೆ ಇಳಿಯುವ ಹಾಗೆ, ರೀಮ್ಯಾಪ್ ಮಾಡುವ ಟ್ಯೂನರ್ ಬರೆದುಕೊಡಬೇಕು.

ಇದು ಅತಿಯಾದ ಎಚ್ಚರಿಕೆ ಅನ್ನಿಸಿದರೆ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರನ್ನು ನೆನಪಿಸಿಕೊಳ್ಳಿ. ಕಾರ್ಖಾನೆಯಿಂದಲೇ ಟರ್ಬೊ ಮತ್ತು ನೀರು-ಮೆಥನಾಲ್ ಎರಡೂ ಹಾಕಿಕೊಂಡು ಬಂದ ಕಾರು ಅದು. 3.5 ಲೀಟರಿನ ವಿ8, ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವುದು) 10.25. ಆ ಕಂಪ್ರೆಷನ್‌ಗೆ ದ್ರವ ಇಲ್ಲದೆ ಬೂಸ್ಟ್ ತಡೆಯುತ್ತಿರಲಿಲ್ಲ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲೂ, ಬಾಟಲಿ ಖಾಲಿಯಾದರೆ ಬೂಸ್ಟನ್ನು ತಾನಾಗಿ ತಡೆಯುವ ಒಂದು ವಾಲ್ವನ್ನು ಅದರ ಎಂಜಿನಿಯರ್‌ಗಳು ಇಟ್ಟಿದ್ದರು. ಆದರೆ ದ್ರವ ತುಂಬಿಸಲು ಮಾಲೀಕರು ಮರೆಯುತ್ತಿದ್ದರು, ಗಾಡಿಗೆ ಶಕ್ತಿಯಿಲ್ಲ ಅಂತ ದೂರುತ್ತಿದ್ದರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ಕಾರ್ಬ್ಯುರೇಟರ್ ಹಾಕಲಾಯಿತು. ಮಾಲೀಕರು ಬೈದುಕೊಂಡರು ನಿಜ, ಆದರೆ ಬಾಟಲಿ ಖಾಲಿಯಾದಾಗ ಆ ವಾಲ್ವ್ ಎಂಜಿನ್ ಕಾಯುತ್ತಿತ್ತು. ನಿಮ್ಮ ಕಾರಿಗೂ ಅಂಥದ್ದೊಂದು ಬೇಕು.

ಎಲ್ಲ ಕೂರಿಸಿದ ಮೇಲೆ ಮೊದಲು ಬರೀ ನೀರು ತುಂಬಿ. ನಾಜಲ್ ಬಿಚ್ಚಿ ಒಂದು ಅಳತೆಯ ಪಾತ್ರೆಗೆ ಹಿಡಿದು, ಪಂಪನ್ನು 30 ಸೆಕೆಂಡು ಓಡಿಸಿ. ಬಂದದ್ದನ್ನು ಎರಡರಿಂದ ಗುಣಿಸಿ. ಅದು ನಿಮ್ಮ ನಿಜವಾದ ಹರಿವು. ಬೂಸ್ಟ್ ಎದುರಿದ್ದಾಗ ಸ್ವಲ್ಪ ಕಡಿಮೆ ಬರುತ್ತದೆ. ಹನಿ ಮಂಜಿನಂತೆ ಹರಡಬೇಕು, ದಾರದಂತೆ ಬಂದರೆ ನಾಜಲ್‌ನಲ್ಲಿ ಕಸ ಇದೆ. ಪ್ರತಿ ಜೋಡಣೆಯನ್ನೂ ಒಣ ಟಿಶ್ಯೂ ಕಾಗದದಿಂದ ಒತ್ತಿ ನೋಡಿ, ಒದ್ದೆಯಾದರೆ ಬಿಚ್ಚಿ ಮತ್ತೆ ಹಾಕಿ. ಆಮೇಲೆ ಮಿಶ್ರಣ ತುಂಬಿಸಿ, ಮ್ಯಾಪ್ ಮುಟ್ಟದೆ ಓಡಿಸಿ. ಟೈಮಿಂಗ್ ಹಿಂದೆ ಹೋಗುವುದು ನಿಂತಿದೆಯಾ ನೋಡಿ. ಗಾಳಿ-ಇಂಧನದ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಮೀಟರ್ 12.0 ತೋರಿಸುತ್ತಿದ್ದದ್ದು 11.5ರ ಕಡೆಗೆ ಇಳಿಯಬಹುದು, ಮೆಥನಾಲ್ ಕೂಡ ಉರಿಯುತ್ತದಲ್ಲ. ಅದನ್ನು ಸರಿಪಡಿಸಲು ಪೆಟ್ರೋಲ್ ಕಡಿತ ಮಾಡಿಸಬೇಡಿ. ಒಂದೇ ನಾಜಲ್‌ನ ಹನಿ ನಾಲ್ಕೂ ಸಿಲಿಂಡರ್‌ಗೆ ಸಮನಾಗಿ ಹೋಗುವುದಿಲ್ಲ. ಕಡಿಮೆ ಹನಿ ಸಿಗುವ ಸಿಲಿಂಡರ್‌ಗೆ ಆ ಪೆಟ್ರೋಲೇ ಗತಿ.

ಬಹಳ ಜನಕ್ಕೆ ಇಷ್ಟೇ ಸಾಕಾಗುತ್ತದೆ. ಬಿಸಿಲಿನಲ್ಲಿ ಕಳೆದುಕೊಳ್ಳುತ್ತಿದ್ದ ಶಕ್ತಿ ವಾಪಸ್ ಬರುತ್ತದೆ, ದ್ರವ ನಿಂತರೂ ಕಾರು ಹಳೆಯ ಸ್ಥಿತಿಗೆ ಮರಳುತ್ತದೆ ಅಷ್ಟೇ. ನಿಮಗೂ ಇಲ್ಲೇ ನಿಲ್ಲಿ ಅಂತ ಹೇಳುತ್ತೇನೆ. ಮುಂದೆ ಹೋಗಲೇಬೇಕು ಅಂತಿದ್ದರೆ ಫ್ಲೋ ಸೆನ್ಸರ್ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಪರೀಕ್ಷಿಸಿ. ಟೈಮಿಂಗ್ ಹೆಚ್ಚಿಸುವ ಮುಂಚೆಯೇ ಬೇಕೆಂದೇ ಪಂಪಿನ ಫ್ಯೂಸ್ ಕಿತ್ತು ಒಮ್ಮೆ ಎಳೆಯಿರಿ. ಬೂಸ್ಟ್ ತಾನಾಗಿ ಬಿದ್ದರೆ ಮಾತ್ರ ಟ್ಯೂನರ್ ಹತ್ತಿರ ಹೋಗಿ, ಒಂದೊಂದೇ ಡಿಗ್ರಿ ಟೈಮಿಂಗ್ ಏರಿಸುತ್ತಾ ಹೋಗಲಿ. ಕಾರಿಗೆ ವಾರಂಟಿ, ವಿಮೆ ಇದ್ದರೆ ಈ ಬದಲಾವಣೆಗೆ ಅವರ ನಿಯಮ ಏನು ಅಂತ ಮುಂಚೆಯೇ ಕೇಳಿಕೊಳ್ಳಿ.

ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಡಿಸ್ಟಿಲ್ಡ್ ನೀರು ಹಾಯಿಸಿ ಬಿಡಿ. ನಿಂತ ಮೆಥನಾಲ್ ಅಲ್ಯೂಮಿನಿಯಂ ಫಿಟ್ಟಿಂಗ್‌ಗಳನ್ನು ನಿಧಾನವಾಗಿ ತಿನ್ನುತ್ತದೆ. ಫಿಲ್ಟರ್ ಮತ್ತು ನಾಜಲ್ ಜಾಲರಿಯನ್ನು ಎಂಜಿನ್ ಆಯಿಲ್ ಬದಲಾಯಿಸುವಾಗಲೆಲ್ಲ ತೊಳೆಯಿರಿ.

ಕಿಟ್ ಹಾಕುವ ಮುಂಚಿನದೊಂದು, ಹಾಕಿದ ಮೇಲಿನದೊಂದು ಲಾಗ್ ತೆಗೆದಿಡಿ. ಅದೇ ಗೇರು, ಅದೇ ರಸ್ತೆ, ಹೊರಗಿನ ಬಿಸಿಯೂ ಆದಷ್ಟು ಹತ್ತಿರದ್ದು. ಬೂಸ್ಟ್, ಗಾಳಿಯ ಬಿಸಿ, ನಾಲ್ಕೂ ಸಿಲಿಂಡರಿನ ಟೈಮಿಂಗ್ ಕಡಿತ, ಇಂಧನದ ಅನುಪಾತ ಇವಿಷ್ಟು ಇರಲಿ. ಒಂದೇ ಸಿಲಿಂಡರ್ ಮಾತ್ರ ಟೈಮಿಂಗ್ ಕಳೆದುಕೊಳ್ಳುತ್ತಿದ್ದರೆ ಅದು ಬಿಸಿಯ ಸಮಸ್ಯೆಯಲ್ಲ. ಆ ಸಿಲಿಂಡರಿನ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ನೋಡಿಸಿ. ಅದು ಸರಿಯಾಗುವವರೆಗೆ ಕಿಟ್ ಪೆಟ್ಟಿಗೆಯಲ್ಲೇ ಇರಲಿ.